ಡಿಸ್ಕ್ ಉಳಿದರೆ ಗೇಮ್ ಪೆಟ್ಟಿಗೆಯೂ ಉಳಿದೀತು

ನೂರು ಜಿಬಿ. ಈಗಿನ ದೊಡ್ಡ ವಿಡಿಯೋ ಗೇಮೊಂದನ್ನು ಇಳಿಸಿಕೊಳ್ಳಲು ಹೆಚ್ಚುಕಡಿಮೆ ಇಷ್ಟು ಡೇಟಾ ಬೇಕು. ಕೆಲವಕ್ಕೆ ಇದೂ ಸಾಲದು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ ಹಾಕಿಸಿಕೊಂಡವರು ಒಂದು ವಾಟ್ಸ್‌ಆ್ಯಪ್ ಸಂದೇಶವನ್ನೂ ಕಳಿಸದೆ ಎಲ್ಲವನ್ನೂ ಇದಕ್ಕೇ ಸುರಿದರೂ 50 ದಿನ ಹಿಡಿಯುತ್ತದೆ. 10 ಎಂಬಿಪಿಎಸ್ ವೇಗದ ಸಂಪರ್ಕ ಒಮ್ಮೆಯೂ ಕಡಿಯದೆ ಸಿಕ್ಕರೆ 22 ತಾಸು ಸಾಕು. ಆದರೆ ಯಲ್ಲಾಪುರದ ಕಾಡಂಚಿನ ಊರಿನಲ್ಲಿ, ಸಿದ್ದಾಪುರದ ಕಣಿವೆಯೊಳಗಿನ ಒಂಟಿಮನೆಯಲ್ಲಿ, ಆಷಾಢದ ಮಳೆಯಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ 22 ತಾಸು ಇರುವುದು ಅಪರೂಪ. ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಊರೇ ಕತ್ತಲು.

ಜಗತ್ತಿನ ಗೇಮ್ ಉದ್ಯಮದಲ್ಲಿ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ಕಾವೇರಿದೆ: ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳ ಕಾಲ ಮುಗಿಯುತ್ತ ಬಂತೇ? ಸೋನಿಯ ಪ್ಲೇಸ್ಟೇಷನ್, ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್ ಎಂಬ ಮೂರು ಹೆಸರುಗಳ ಸುತ್ತ ನಿಂತಿರುವ ಈ ವ್ಯಾಪಾರ ಇಳಿಜಾರಿಗೆ ಬಿದ್ದಿದೆ ಎನ್ನುವವರು ಮೊಬೈಲ್‌ನತ್ತ, ಕ್ಲೌಡ್‌ನತ್ತ ಬೊಟ್ಟು ಮಾಡುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಬೇರೆಯದೇ ಉತ್ತರ ಕಾಣುತ್ತದೆ. ಆಡುವವರು ಕನ್ಸೋಲನ್ನು ಬಿಟ್ಟು ಓಡಿಹೋಗಿಲ್ಲ. ಕನ್ಸೋಲಿಗೆ ಬಲ ಕೊಟ್ಟಿದ್ದ ಗುಣಗಳನ್ನು ಅದನ್ನು ತಯಾರಿಸುವ ಕಂಪನಿಗಳೇ ಒಂದೊಂದಾಗಿ ಕೈಬಿಡುತ್ತಿವೆ. ಕುಸಿತ ಬರುವುದಾದರೆ ಈ ದಾರಿಯಿಂದಲೇ ಬರುತ್ತದೆ.

ಮೊದಲು ಲೆಕ್ಕ ನೋಡೋಣ. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಐದು ವರ್ಷ ತುಂಬುವ ಮೊದಲೇ 8 ಕೋಟಿ ದಾಟಿತು. ಪ್ರತಿ ತಿಂಗಳು ಪ್ಲೇಸ್ಟೇಷನ್ ಜಾಲಕ್ಕೆ ಬರುವವರು 12 ಕೋಟಿಗೂ ಹೆಚ್ಚು. ನಿಂಟೆಂಡೊದ ಸ್ವಿಚ್ 2017ರಿಂದ ಈಚೆಗೆ 15 ಕೋಟಿಗೂ ಮೀರಿ ಮಾರಾಟವಾಗಿದೆ. ಅದರ ಮುಂದಿನ ಪೀಳಿಗೆಯ ಸ್ವಿಚ್ 2 ಅಂಗಡಿಗೆ ಬಂದದ್ದು 2025ರ ಜೂನ್ 5ರಂದು. ನಾಲ್ಕೇ ದಿನದಲ್ಲಿ 35 ಲಕ್ಷ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ಕೋಟಿಗೂ ಮಿಕ್ಕಿ ಖರ್ಚಾಯಿತು. ಸಾಯುತ್ತಿರುವ ಉದ್ಯಮದ ಅಂಗಡಿಯ ಮುಂದೆ ಹೀಗೆ ಸರತಿ ಸಾಲು ನಿಲ್ಲುವುದಿಲ್ಲ.

ಆದರೆ ಅದೇ ಲೆಕ್ಕದ ಪುಸ್ತಕದ ಇನ್ನೊಂದು ಪುಟ ಕಳವಳ ಹುಟ್ಟಿಸುತ್ತದೆ. ಮೈಕ್ರೊಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಸುಮಾರು 69 ಶತಕೋಟಿ ಡಾಲರ್‌ಗೆ ಕೊಂಡಿತು. ನಾಲ್ಕು ತಿಂಗಳು ಕಳೆಯುವುದರೊಳಗೆ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳಿಸಿತು. ಮರುತಿಂಗಳು ಸೋನಿ 900 ಮಂದಿಯನ್ನು ತೆಗೆಯಿತು. ಎಕ್ಸ್‌ಬಾಕ್ಸ್‌ನ ಕುಲದೇವರಂತಿದ್ದ 'ಹೇಲೋ' ಆಟವನ್ನು ಎದುರಾಳಿ ಪ್ಲೇಸ್ಟೇಷನ್‌ಗೂ ತರುವುದಾಗಿ ಮೈಕ್ರೊಸಾಫ್ಟ್ 2025ರಲ್ಲಿ ಘೋಷಿಸಿತು. ತನ್ನ ಪೆಟ್ಟಿಗೆಯನ್ನು ಕೊಳ್ಳಲೇಬೇಕೆನ್ನಲು ಗ್ರಾಹಕರಿಗೆ ಇದ್ದ ದೊಡ್ಡ ಕಾರಣವನ್ನು ಅದು ತಾನಾಗಿಯೇ ಬಿಟ್ಟುಕೊಟ್ಟಂತಾಯಿತು.

ಬೆಲೆಯ ಕಥೆ ಇನ್ನೂ ಗಂಭೀರ. ಕನ್ಸೋಲ್ ಹಳೆಯದಾದಂತೆ ಅಗ್ಗವಾಗುವುದು ನಲವತ್ತು ವರ್ಷಗಳ ರೂಢಿ. 2000ದಲ್ಲಿ ಅಮೆರಿಕದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, 2009ಕ್ಕೆ 99 ಡಾಲರ್‌ಗೆ ಇಳಿದಿತ್ತು. ಮೊದಲು ಉಳ್ಳವರ ಮನೆಗೆ, ಆಮೇಲೆ ಮಧ್ಯಮ ವರ್ಗಕ್ಕೆ, ಕೊನೆಗೆ ಸಣ್ಣ ಊರುಗಳಿಗೆ ಅದು ತಲುಪಿದ್ದು ಹೀಗೆಯೇ. ಅಷ್ಟು ಕಾಲ ಮಾರುಕಟ್ಟೆಯಲ್ಲಿ ಉಳಿದದ್ದಕ್ಕೇ 16 ಕೋಟಿ ಪೆಟ್ಟಿಗೆ ಮಾರಾಟದ ದಾಖಲೆ ಅದರ ಹೆಸರಿಗೆ ಬಂತು. ಪ್ಲೇಸ್ಟೇಷನ್ 5ರದು ಇದಕ್ಕೆ ತದ್ವಿರುದ್ಧ. ಐದನೆಯ ವರ್ಷದಲ್ಲಿ, 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅದರ ಬೆಲೆ 50 ಡಾಲರ್ ಏರಿತು. ಎಕ್ಸ್‌ಬಾಕ್ಸ್ ಬೆಲೆ ಅದೇ ವರ್ಷ ಎರಡು ಸಲ ಏರಿತು. ಭಾರತದಲ್ಲಿ 2021ರ ಫೆಬ್ರುವರಿ 2ರಂದು 49,990 ರೂಪಾಯಿಗೆ ಬಂದ ಡಿಸ್ಕ್ ಮಾದರಿ ಮರುವರ್ಷದ ನವೆಂಬರ್‌ನಲ್ಲಿ 54,990 ಆಯಿತು. ದೊಡ್ಡ ಹೊಸ ಆಟವೊಂದಕ್ಕೆ ಐದು ಸಾವಿರದ ಹತ್ತಿರ. ಶಿರಸಿ ಮಾರುಕಟ್ಟೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಕ್ವಿಂಟಲ್ ರಾಶಿ ಅಡಿಕೆಗೆ ಸಿಗುವ ಹಣವೆಲ್ಲ ಒಂದು ಪೆಟ್ಟಿಗೆಗೇ ಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಿ, ಕೊನೆಕೊಯ್ಲಿಗೆ ಆಳು ಹುಡುಕಿ, ಸುಲಿಸಿ, ಬೇಯಿಸಿ, ಒಣಗಿಸಿದ ಒಂದು ಕ್ವಿಂಟಲ್ ಎಂದರೆ ಎಷ್ಟು ದುಡಿಮೆ ಎಂಬುದು ತೋಟಿಗರ ಮನೆಯವರಿಗೆ ಗೊತ್ತು.

ಈ ಉದ್ಯಮ ಹಿಂದೊಮ್ಮೆ ನಿಜವಾಗಿಯೂ ಕುಸಿದಿತ್ತು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಮೆರಿಕದ ಮನೆ-ಗೇಮ್ ವಹಿವಾಟು 1985ರ ಹೊತ್ತಿಗೆ 10 ಕೋಟಿ ಡಾಲರ್‌ಗೆ ಇಳಿಯಿತು. ಯಾರು ಬೇಕಾದರೂ ಅಟಾರಿ ಪೆಟ್ಟಿಗೆಗೆ ಆಟ ಮಾಡಿ ಮಾರಬಹುದಿತ್ತು, ಮಾಡಿ ಸುರಿದರು. 1982ರ ಕ್ರಿಸ್‌ಮಸ್‌ಗೆಂದು ಕೆಲವೇ ವಾರಗಳಲ್ಲಿ ಅವಸರದಿಂದ ತಯಾರಿಸಿದ 'ಇ.ಟಿ.' ಆಟದ ಕಾರ್ಟ್ರಿಡ್ಜ್‌ಗಳು ಮಾರಾಟವಾಗದೆ ಉಳಿದು, ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲ್ಪಟ್ಟವು. 2014ರಲ್ಲಿ ಅಗೆದಾಗ ಅವು ಸಿಕ್ಕಿದವು. ಈ ಕಥೆ ಮಲೆನಾಡಿಗರಿಗೆ ಹೊಸದೇನಲ್ಲ. ಇಪ್ಪತ್ತು ವರ್ಷಗಳ ಹಿಂದೆ ವೆನಿಲ್ಲಾ ವಿಷಯದಲ್ಲಿ ಇದನ್ನೇ ಅವರು ಅನುಭವಿಸಿದ್ದಾರೆ. ಮಡಗಾಸ್ಕರ್‌ನ ಬೆಳೆ ಚಂಡಮಾರುತಕ್ಕೆ ಸಿಕ್ಕಿ ದರ ಮುಗಿಲು ಮುಟ್ಟಿದಾಗ ತೋಟತೋಟಕ್ಕೂ ಬಳ್ಳಿ ಬಂತು, ಬಳ್ಳಿಯ ತುಂಡಿಗೂ ದುಡ್ಡು ಬಂತು, ಬೆಳಗಿನ ಜಾವ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿದರು. ಎಲ್ಲರ ಫಸಲು ಕೈಗೆ ಬರುವ ಹೊತ್ತಿಗೆ ದರ ನೆಲ ಕಚ್ಚಿತ್ತು.

ಅಮೆರಿಕದ ಅಂಗಡಿಕಾರರು ಕಳೆದುಕೊಂಡ ನಂಬಿಕೆಯನ್ನು ಮರಳಿ ಗಳಿಸಿಕೊಟ್ಟದ್ದು ಜಪಾನಿನ ನಿಂಟೆಂಡೊ. 1985ರಲ್ಲಿ ಅಲ್ಲಿಗೆ ಕಾಲಿಟ್ಟ ಅದು, ತನ್ನ ಮುದ್ರೆ ಇಲ್ಲದ ಕಾರ್ಟ್ರಿಡ್ಜ್ ಪೆಟ್ಟಿಗೆಯಲ್ಲಿ ಓಡದಂತೆ ಬೀಗದ ಚಿಪ್ ಅಳವಡಿಸಿತು. ದುಡ್ಡು ಕೊಟ್ಟು ಒಯ್ದ ಆಟ ಆಡಲು ಯೋಗ್ಯವಾಗಿರುತ್ತದೆ ಎಂಬ ಭರವಸೆ ಕೊಳ್ಳುವವರಿಗೆ ಮತ್ತೆ ಬಂತು. ಆ ಭರವಸೆಯ ಮೇಲೆಯೇ ಮುಂದಿನ ನಲವತ್ತು ವರ್ಷಗಳ ಉದ್ಯಮ ನಿಂತಿತು.

ಅದೇ ನಿಂಟೆಂಡೊ ಪೆಟ್ಟಿಗೆಯ ನಕಲುಗಳು 1990ರ ದಶಕದಲ್ಲಿ ಭಾರತದ ಸಣ್ಣ ಊರುಗಳಿಗೂ ಬಂದವು. ಪರವಾನಗಿ ಇಲ್ಲದ ನಕಲುಗಳವು, ನಿಜ. ಹುಬ್ಬಳ್ಳಿಯ ಪೇಟೆಯಿಂದಲೋ ಬೆಂಗಳೂರು, ಮುಂಬೈನಲ್ಲಿದ್ದ ಚಿಕ್ಕಪ್ಪ, ಮಾವಂದಿರ ಕೈಚೀಲದಲ್ಲೋ ಅವು ಘಟ್ಟದ ಊರುಗಳನ್ನು ಸೇರಿದವು. ರೈಲು ಇಂದಿಗೂ ಕಾಣದ ಶಿರಸಿ ಪೇಟೆಗೆ ಮಾರಿಯೋ ಬಸ್ಸು ಹತ್ತಿ ಬಂದ. ಹಳದಿ ಬಣ್ಣದ 'ಕ್ಯಾಸೆಟ್' ಒಂದನ್ನು ತುರುಕಿದರೆ ಕಾಂಟ್ರಾ, ರೋಡ್ ಫೈಟರ್, ಬಂದೂಕು ಹಿಡಿದು ಆಡುವ ಡಕ್ ಹಂಟ್. ಕರೆಂಟು ಇದ್ದರೆ ಸಾಕು, ಬೇರೇನೂ ಬೇಡ. ಒಬ್ಬ ಆಡುವಾಗ ನಾಲ್ವರು ಹಿಂದೆ ಕೂತು ಹೇಳಿಕೊಡುತ್ತಿದ್ದರು. ಜೀವ ಮುಗಿದರೆ ರಿಮೋಟು ಪಕ್ಕದವನ ಕೈಗೆ. ಕ್ಯಾಸೆಟ್‌ಗಳು ಮನೆಯಿಂದ ಮನೆಗೆ ಸುತ್ತಿ, ರಜೆ ಮುಗಿಯುವ ಹೊತ್ತಿಗೆ ಯಾರದು ಯಾರ ಹತ್ತಿರ ಇದೆ ಎಂದು ಹುಡುಕಬೇಕಾಗುತ್ತಿತ್ತು.

ಒಮ್ಮೆ ಕೊಂಡದ್ದು ಶಾಶ್ವತವಾಗಿ ನಿಮ್ಮದು. ಯಾರ ಅಪ್ಪಣೆಯೂ ಇಲ್ಲದೆ ಆಡಬಹುದು, ಕೊಡಬಹುದು, ಮಾರಬಹುದು. ಕನ್ಸೋಲಿನ ನಿಜವಾದ ಶಕ್ತಿ ಇದಾಗಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಆಟ ಟಿವಿಯಿಂದ ಅಂಗೈಗೆ ಇಳಿಯಿತು. 2018ರಿಂದ ಪಬ್‌ಜಿ ಹಳ್ಳಿಹಳ್ಳಿಯ ಹುಡುಗರ ಮಾತಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅದನ್ನು ನಿಷೇಧಿಸಿತು. ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರಲ್ಲಿ ಮರಳಿತು. ಇದೇ ಕಾಲದಲ್ಲಿ ದುಡ್ಡು ಕಟ್ಟುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕೂಡ ಹಬ್ಬಿದವು. ಅವನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ದುಡ್ಡಿನ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು.

ಈ ಹತ್ತು ವರ್ಷಗಳಲ್ಲಿ 'ಗೇಮ್' ಎಂಬ ಪದ ಕೇಳಿದರೆ ತಂದೆತಾಯಂದಿರು ಬೆಚ್ಚುವಂತಾಗಿದೆ. ಅವರ ಭಯಕ್ಕೆ ಕಾರಣವಿದೆ. ಆದರೆ ಮೊಬೈಲಿನಲ್ಲಿ ಪುಕ್ಕಟೆ ಸಿಗುವ, ನೂರು ಸಲ ಕೈಬೀಸಿ ಕರೆದು ಅಂಗಿಬಣ್ಣಕ್ಕೂ ಆಯುಧಕ್ಕೂ ದುಡ್ಡು ಕೇಳುವ ಆಟವೂ, ಐದು ಸಾವಿರ ಕೊಟ್ಟು ಒಮ್ಮೆ ತಂದರೆ ಮುಗಿಯುವವರೆಗೆ ಮತ್ತೆ ಏನನ್ನೂ ಕೇಳದ ಆಟವೂ ಒಂದೇ ಜಾತಿಯವಲ್ಲ. ಮೊದಲನೆಯದಕ್ಕೆ ಹುಡುಗನ ಇಡೀ ದಿನ ಬೇಕು. ಎರಡನೆಯದರಲ್ಲಿ ಒಂದು ಕಥೆಯಿದೆ, ಅದಕ್ಕೊಂದು ಕೊನೆಯಿದೆ. ಟಿವಿ ಇರುವುದು ಜಗಲಿಯಲ್ಲೋ ನಡುಮನೆಯಲ್ಲೋ. ಅಲ್ಲಿ ಆಡುವ ಮಗು ಏನು ಆಡುತ್ತಿದೆ ಎಂಬುದು ಅಜ್ಜನಿಗೂ ಕಾಣುತ್ತದೆ. ಹೊದಿಕೆಯೊಳಗಿನ ಮೊಬೈಲಿನಲ್ಲಿ ಏನು ನಡೆಯುತ್ತಿದೆ ಎಂಬುದು ಅಮ್ಮನಿಗೂ ತಿಳಿಯುವುದಿಲ್ಲ. ಕನ್ಸೋಲ್ ಉಳಿಯಬೇಕೆನ್ನಲು ಇದೊಂದು ಕಾರಣ ಸಾಕು.

ದುಃಖದ ಸಂಗತಿಯೆಂದರೆ, ಕನ್ಸೋಲ್ ಕಂಪನಿಗಳು ಈಗ ಮೊಬೈಲಿನ ದಾರಿಯನ್ನೇ ಹಿಡಿದಿವೆ. 2024ರ ನವೆಂಬರ್‌ನಲ್ಲಿ 699 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಜೋಡಿಸಿಕೊಳ್ಳಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಜೋಡಿಸುವ ಅವಕಾಶವೂ ಇಲ್ಲ. ಸ್ವಿಚ್ 2ರ ಹಲವು ಆಟಗಳು 'ಗೇಮ್-ಕೀ ಕಾರ್ಡ್' ರೂಪದಲ್ಲಿ ಬರುತ್ತಿವೆ: ಕಾರ್ಡಿನಲ್ಲಿ ಇರುವುದು ಬೀಗದ ಕೈ ಮಾತ್ರ, ಆಟವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಪ್ಲೇಸ್ಟೇಷನ್‌ನ ಪೂರ್ಣ ಆಟಗಳಲ್ಲಿ ಮುಕ್ಕಾಲು ಪಾಲಿನಷ್ಟು ಈಗಾಗಲೇ ಡೌನ್‌ಲೋಡ್ ರೂಪದಲ್ಲೇ ಮಾರಾಟವಾಗುತ್ತವೆ.

ಹಾಗೆ ಕೊಂಡದ್ದು ನಿಜಕ್ಕೂ ಕೊಂಡವರದೇ? 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡುವ ಭಾಗವೂ ಸರ್ವರ್‌ಗೇ ಅಂಟಿಕೊಂಡಿದ್ದರಿಂದ, ದುಡ್ಡು ಕೊಟ್ಟು ತಂದವರ ಕೈಯಲ್ಲಿ ಆಟ ಅಂದೇ ಸತ್ತಿತು. ಇದರಿಂದ ಸಿಟ್ಟಿಗೆದ್ದವರು ಶುರುಮಾಡಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಪೆಟ್ಟಿಗೆಯೇ ಬೇಡ, ಆಟ ದೂರದ ಕಂಪ್ಯೂಟರಿನಲ್ಲಿ ಓಡಿ ಚಿತ್ರ ಮಾತ್ರ ನಿಮ್ಮ ಟಿವಿಗೆ ಬರುತ್ತದೆ ಎಂದು 2019ರಲ್ಲಿ ಹೊರಟ ಗೂಗಲ್‌ನ ಸ್ಟೇಡಿಯಾ 2023ರ ಜನವರಿಯಲ್ಲಿ ಬಾಗಿಲು ಹಾಕಿತು.

ನೆಟ್‌ವರ್ಕನ್ನು ನಂಬಿ ಬದುಕುವುದು ಎಂದರೇನು ಎಂಬುದು ಈ ಮೂರು ತಾಲ್ಲೂಕುಗಳಿಗೆ ಕೋವಿಡ್ ಕಾಲದಲ್ಲೇ ಮನದಟ್ಟಾಗಿದೆ. ಆನ್‌ಲೈನ್ ಪಾಠ ಕೇಳಲು ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಲು ಬಂದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಸಿಗ್ನಲ್ ಸಿಗುವ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಕೂತರು. ಈಗ ಫೈಬರ್ ಬಂದಿದೆ, ಇನ್ನಷ್ಟು ಊರುಗಳಿಗೆ ಬರುತ್ತಿದೆ, ಆದ್ದರಿಂದ ಡಿಸ್ಕಿನ ಚಿಂತೆ ಹಳೆಯದು ಎಂದು ವಾದಿಸಬಹುದು. ವಾದದಲ್ಲಿ ಸತ್ಯಾಂಶವಿದೆ, ಡಿಸ್ಕಿನಲ್ಲಿ ಬಂದ ಆಟಕ್ಕೂ ತಿದ್ದುಪಡಿಗಳನ್ನು ಇಳಿಸಿಕೊಳ್ಳಬೇಕಾದ ಕಾಲವಿದು. ಆದರೆ ತಂತಿ ಎಷ್ಟೇ ವೇಗವಾದರೂ ಡೌನ್‌ಲೋಡ್ ಮಾಡಿದ ಆಟವನ್ನು ಗೆಳೆಯನಿಗೆ ಕೊಡಲಾಗದು, ಅರ್ಧ ಬೆಲೆಗೆ ಮಾರಿ ಇನ್ನೊಂದನ್ನು ತರಲಾಗದು. ಸಣ್ಣ ಊರಿನ ಹುಡುಗರಿಗೆ ಐದು ಸಾವಿರದ ಆಟ ಕೈಗೆಟುಕುವುದೇ ಹಳೆಯ ಡಿಸ್ಕ್ ಕೈಬದಲಾಗುವುದರಿಂದ. ಆ ಬಾಗಿಲನ್ನು ಮುಚ್ಚಿದ ಕಂಪನಿ ಮುಂದಿನ ಪೀಳಿಗೆಯ ಗ್ರಾಹಕರನ್ನೇ ಹೊರಗೆ ನಿಲ್ಲಿಸಿದಂತೆ.

ಆಟ ತಯಾರಿಸುವ ಖರ್ಚು ಕೈಮೀರಿದೆ, ಏನು ಮಾಡುವುದು ಎಂಬುದು ಕಂಪನಿಗಳ ಅಳಲು. ಖರ್ಚು ನಿಜ. ಆದರೆ ಅದರಲ್ಲಿ ಬಹುಪಾಲು ಅವರೇ ಆಯ್ದುಕೊಂಡದ್ದು. ವರ್ಷಗಟ್ಟಲೆ ದುಡಿದು ಸೋನಿ 2024ರ ಆಗಸ್ಟ್ 23ರಂದು ತಂದ 'ಕಾನ್‌ಕಾರ್ಡ್' ಆಟವನ್ನು ಆಡುವವರಿಲ್ಲದೆ ಎರಡು ವಾರಕ್ಕೇ ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಮಾಡಿದ ಸ್ಟುಡಿಯೊ ಅಕ್ಟೋಬರ್‌ನಲ್ಲಿ ಮುಚ್ಚಿತು. ಇನ್ನೊಂದೆಡೆ ಫ್ರಾನ್ಸ್‌ನ ಮೊಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಎಂಬ ಹೊಸ ಸ್ಟುಡಿಯೊ, ಮೂವತ್ತರಷ್ಟು ಜನರ ಮುಖ್ಯ ತಂಡದೊಂದಿಗೆ 2025ರ ಏಪ್ರಿಲ್‌ನಲ್ಲಿ 'ಕ್ಲೇರ್ ಅಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33' ತಂದಿತು. ಅಕ್ಟೋಬರ್ ಹೊತ್ತಿಗೆ 50 ಲಕ್ಷ ಪ್ರತಿ ಖರ್ಚಾದವು. ಡಿಸೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿಯೂ ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನ ಬೆರಳೆಣಿಕೆಯ ತಂಡವೊಂದು ಏಳು ವರ್ಷ ಕೂತು ಮಾಡಿದ 'ಹಾಲೋ ನೈಟ್: ಸಿಲ್ಕ್‌ಸಾಂಗ್' 2025ರ ಸೆಪ್ಟೆಂಬರ್ 4ರಂದು ಬಂದಾಗ ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ತಡವರಿಸಿದವು. ಅದರ ಬೆಲೆ 20 ಡಾಲರ್. ಒಳ್ಳೆಯ ಆಟ ಅಗ್ಗವಾಗಿಯೂ ಇರಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. 'ಫೋರ್ಜಾ'ದಂಥ ಎಕ್ಸ್‌ಬಾಕ್ಸ್ ಆಟಗಳ ಕಾರುಗಳಿಗೆ ರೂಪ ಕೊಟ್ಟದ್ದು ಅಲ್ಲಿನ ಕಲಾವಿದರು. 2019ರಲ್ಲಿ ಅದನ್ನು ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. 2025ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಮುಗ್ಗರಿಸಿದಾಗ ಅದರ ಹೊಡೆತ ಬೆಂಗಳೂರಿಗೂ ತಾಗಿತು; ಸಿನಿಮಾ, ಗೇಮ್‌ಗಳಿಗೆ ಚಿತ್ರ ಮಾಡುತ್ತಿದ್ದ ದೊಡ್ಡ ಸಂಖ್ಯೆಯ ಯುವಕ ಯುವತಿಯರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಹೊರಗಿನವರ ದೊಡ್ಡ ಆಟಕ್ಕೆ ತುಂಡು ಕೆಲಸ ಮಾಡಿಕೊಡುವುದನ್ನೇ ನಂಬಿದರೆ, ಅಲ್ಲಿ ನೆಗಡಿಯಾದಾಗಲೆಲ್ಲ ಇಲ್ಲಿ ಜ್ವರ ಬರುತ್ತದೆ.

ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024–29ರ ಹೊಸ ನೀತಿಯೂ ಜಾರಿಯಲ್ಲಿದೆ. ಅದರಲ್ಲಿ ಸಣ್ಣ ತಂಡಗಳ ಸ್ವಂತ ಆಟಗಳಿಗೆ, ಅದರಲ್ಲೂ ಕನ್ನಡ ಮಾತಾಡುವ ಆಟಗಳಿಗೆ ದೊಡ್ಡ ಪಾಲು ಸಿಗಬೇಕು. ಪುಣೆಯ ನಾಡಿಂಗ್ ಹೆಡ್ಸ್ ತಂಡ ರಾಜಸ್ಥಾನದ ಕೋಟೆ, ಅರಮನೆಗಳ ಶಿಲ್ಪವನ್ನೇ ಹಿನ್ನೆಲೆಯಾಗಿಸಿ ಮಾಡಿದ 'ರಾಜಿ' 2020ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ನಿಂಟೆಂಡೊ ಸ್ವಿಚ್‌ನಲ್ಲಿ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ ಹೇಳುವ 'ವೆಣ್ಬಾ' ಎಂಬ ಪುಟ್ಟ ಆಟ 2024ರಲ್ಲಿ ಬಾಫ್ಟಾ ಗೆದ್ದಿತು. ಅದರಲ್ಲಿ ಇಡ್ಲಿ ಬೇಯಿಸುವುದೇ ಆಟ. ಹಾಗಿದ್ದರೆ ಅಪ್ಪೆಹುಳಿ, ತಂಬುಳಿ, ತೊಡೆದೇವಿನ ಅಡುಗೆಮನೆ ಯಾಕೆ ಆಗಬಾರದು? ಕದಂಬರ ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲೇ. ಸೋಂದೆಯ ಅರಸರ ಕೋಟೆ ಅಲ್ಲಿಂದ ಕೂಗಳತೆಯ ದೂರದಲ್ಲಿ ಅಲ್ಲದಿದ್ದರೂ ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು. ಬೆಳಗಿನವರೆಗೆ ನಡೆಯುವ ಯಕ್ಷಗಾನದ ವೇಷ, ಬಣ್ಣ, ಯುದ್ಧದ ಕುಣಿತಕ್ಕಿಂತ ಗೇಮಿಗೆ ಒಗ್ಗುವ ಕಲೆ ಹುಡುಕುವುದು ಕಷ್ಟ.

ಹಳ್ಳಿಯ ಮಟ್ಟದಲ್ಲೂ ಮಾಡಬಹುದಾದ ಕೆಲಸವಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿವೆ. ಹಲವೆಡೆ ಪುಸ್ತಕದ ಜೊತೆ ಕಂಪ್ಯೂಟರ್, ಟಿವಿ ಬಂದಿವೆ. ಆಯ್ದ ಕೆಲವು ಕೇಂದ್ರಗಳಲ್ಲಿ ಒಂದೊಂದು ಕನ್ಸೋಲ್, ವಯಸ್ಸಿಗೆ ತಕ್ಕ ಹತ್ತು ಹದಿನೈದು ಡಿಸ್ಕ್ ಇಟ್ಟು, ಶನಿವಾರ ಭಾನುವಾರ ಎರಡು ತಾಸು ಮಕ್ಕಳಿಗೆ ಒಟ್ಟಿಗೆ ಆಡಲು ಬಿಡಬಹುದು. ಓದಬೇಕಾದ ಜಾಗದಲ್ಲಿ ಆಟವೇ ಎಂದು ಕೆಲವರು ಮುಖ ಸಿಂಡರಿಸಬಹುದು. ಮಕ್ಕಳು ಹೇಗೂ ಆಡುತ್ತಿದ್ದಾರೆ, ಒಬ್ಬೊಬ್ಬರೇ, ಮೊಬೈಲಿನಲ್ಲಿ, ಯಾರೂ ನೋಡದಂತೆ. ನಾಲ್ವರ ಜೊತೆ, ಗ್ರಂಥಪಾಲಕರ ಕಣ್ಣೆದುರು, ಬಾಜಿ ಕಟ್ಟಲು ದಾರಿಯೇ ಇಲ್ಲದ ಪೆಟ್ಟಿಗೆಯಲ್ಲಿ ಆಡುವುದು ಅದಕ್ಕಿಂತ ಎಷ್ಟೋ ಮೇಲು. ಆಟ ಮುಗಿಸಿದ ಮಗು ಅದೇ ಕೋಣೆಯ ಪುಸ್ತಕದ ಕಪಾಟಿನತ್ತ ಹೋಗುವ ಸಾಧ್ಯತೆಯೂ ಇದೆ.

ಕಂಪನಿಗಳಿಂದ ಕೇಳಬೇಕಾದದ್ದು ಮೂರೇ ಸಂಗತಿ. ಮುಂದಿನ ಪೀಳಿಗೆಯ ಪ್ರತಿ ಕನ್ಸೋಲಿನಲ್ಲೂ ಡಿಸ್ಕ್ ಅಥವಾ ಕಾರ್ಡ್ ಹಾಕುವ ಜಾಗ ಇರಬೇಕು. ಅದರೊಳಗೆ ಇಡೀ ಆಟ ಇರಬೇಕು, ಇಂಟರ್‌ನೆಟ್ ಇಲ್ಲದೆಯೂ ಓಡಬೇಕು. ಸರ್ವರ್ ಮುಚ್ಚುವ ದಿನ ಬಂದರೆ, ಕೊಂಡವರು ಮನೆಯಲ್ಲೇ ಆಡಿಕೊಳ್ಳುವಂತೆ ಆಟವನ್ನು ತಿದ್ದಿ ಕೊಡಬೇಕು. ಇವುಗಳಲ್ಲಿ ಮೊದಲ ಎರಡನ್ನು 1985ರ ನಿಂಟೆಂಡೊ ಪೆಟ್ಟಿಗೆಯೇ ಕೊಟ್ಟಿತ್ತು. ಈಗಿನ ಯಂತ್ರಗಳಿಗೆ ಅದು ಭಾರವಾಗಲು ಕಾರಣವಿಲ್ಲ. ಭಾರತದಂಥ ದೇಶದಲ್ಲಿ ಮುಂದಿನ ಕೋಟಿ ಗ್ರಾಹಕರು ಬರಬೇಕಾದದ್ದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಂದ ಮಾತ್ರವಲ್ಲ, ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ನೂರಾರು ತಾಲ್ಲೂಕುಗಳಿಂದ ಕೂಡ. ಅಲ್ಲಿಗೆ ತಲುಪುವ ಪೆಟ್ಟಿಗೆ ಮಾಡಿದ ಕಂಪನಿಗೆ ಇನ್ನೂ ದಶಕಗಳ ವ್ಯಾಪಾರವಿದೆ. ನೆಟ್‌ವರ್ಕ್ ಇದ್ದವರಿಗೆ ಮಾತ್ರ ಮಾರುತ್ತೇನೆಂದು ಹೊರಟ ಕಂಪನಿ, ಅದೇ ನೆಟ್‌ವರ್ಕಿನಲ್ಲಿ ಪುಕ್ಕಟೆ ಸಿಗುವ ಮೊಬೈಲ್ ಆಟದ ಎದುರು ಪ್ರತಿವರ್ಷ ಒಂದಿಷ್ಟು ಗ್ರಾಹಕರನ್ನು ಕಳೆದುಕೊಳ್ಳುತ್ತ ಹೋಗುತ್ತದೆ.